ವಾಕಿಂಗ್ ಹೋಗ್ರಿ ಅಂತಾರ, ಕೂಸಿನ್ನ ಯಾರ ಕೈಯಾಗ ಕೊಡೋದು?

"ಬಿಪಿ ಜಾಸ್ತಿ ಆಗ್ಯಾದ, ತೂಕ ಇಳಸ್ರಿ, ದಿನಾ ಅರ್ಧ ತಾಸು ವಾಕಿಂಗ್ ಮಾಡ್ರಿ." ನಲವತ್ತು ದಾಟಿದ ಹೆಣ್ಣುಮಗಳು ಕಲಬುರಗಿ ಜಿಲ್ಲೆಯ ಯಾವ ದವಾಖಾನೆಗೆ ಹೋದರೂ ಕೇಳಿಸಿಕೊಳ್ಳೋ ಮಾತು ಇದು. ಸಲಹೆ ತಪ್ಪೇನಲ್ಲ. ಆದರೆ ಆಟಿಸಂ ಇರೋ ಮಗುವಿನ ತಾಯಿಗೆ ಇದನ್ನ ಹೇಳಿದಾಗ ಒಂದು ಪ್ರಶ್ನೆ ಉಳಿದುಬಿಡುತ್ತೆ. ಆ ಅರ್ಧ ತಾಸು ಮಗು ಎಲ್ಲಿರಬೇಕು? ಯಾರ ಜೊತೆ? ಡಾಕ್ಟರು ಅದನ್ನ ಕೇಳಲ್ಲ, ಕೇಳೋಕೆ ಅವರಿಗೆ ಟೈಮೂ ಇಲ್ಲ, ಹೊರಗೆ ಇನ್ನೂ ನೂರು ಜನ ಸರದಿಯಲ್ಲಿ ನಿಂತಿರ್ತಾರೆ. ಹಾಗಾಗಿ ಆ ಪ್ರಶ್ನೆಯನ್ನ ಸರ್ಕಾರಕ್ಕೆ ಕೇಳಬೇಕು ಅನ್ನೋದು ನನ್ನ ವಾದ.

ಇದನ್ನ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನ ಕಣ್ಣ ಮುಂದೆ ಇಟ್ಟುಕೊಂಡು ಬರೀತಿದ್ದೀನಿ. ಈ ಹೆಸರುಗಳು ಬೆಂಗಳೂರಿನ ಸುದ್ದಿಮನೆಗಳಿಗೆ ತಲುಪೋದು ಬೇರೆ ಕಾರಣಕ್ಕೆ. ಆಳಂದ ಅಂದರೆ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಮತದಾರರ ಹೆಸರು ಅಳಿಸೋಕೆ ಬಂದ 6,018 ಅರ್ಜಿಗಳು. ಅಫಜಲಪುರ, ಜೇವರ್ಗಿ ಅಂದರೆ ಭೀಮಾ ನದಿ ಉಕ್ಕಿದ ದಿನದ ಡ್ರೋನ್ ವಿಡಿಯೋ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 'ಅತ್ಯಂತ ಹಿಂದುಳಿದ' ಅಂತ ಗುರುತಿಸಿದ 39 ತಾಲೂಕುಗಳಲ್ಲಿ ಈ ಮೂರೂ ಇವೆ. ಆಮೇಲೆ 371(ಜೆ) ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೊಸ ಹೆಸರು ಬಂತು, ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್‌ನಲ್ಲಿ ಓದೋದೂ ರೂಢಿಯಾಯ್ತು. ಈ ದುಡ್ಡಿನ ಚರ್ಚೆಯಲ್ಲಿ ರಸ್ತೆ ಇದೆ, ಕಟ್ಟಡ ಇದೆ, ಶಾಲಾ ಕೋಣೆ ಇದೆ. ಮಗುವನ್ನ ಹಿಡಿದು ಕೂತ ತಾಯಿಯ ಮಾತು ಬಂದದ್ದು ನನಗೆ ನೆನಪಿಲ್ಲ.

ಇಂಥ ತಾಯಂದಿರು ಎಷ್ಟು ಜನ? 2011ರ ಜನಗಣತಿ ಅಂಗವೈಕಲ್ಯವನ್ನ ಎಂಟು ಬಗೆಯಾಗಿ ಎಣಿಸಿತು, ಅದರಲ್ಲಿ ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ಏಳು ಬಗೆಯಲ್ಲೂ ಅದು ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ ಹೆಸರು ಹೇಳಿತು ನಿಜ. ಆದರೆ ಮುಖ್ಯ ಕಾಯ್ದೆಯ ಪಟ್ಟಿಗೆ ಅದು ಸೇರಿದ್ದು 2016ರಲ್ಲಿ, ಏಳು ಇದ್ದದ್ದು 21 ಆದಾಗ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ಆ ಲೆಕ್ಕ ಹಿಡಿದರೆ ಸಾವಿರ ಜನರ ಊರಿನಲ್ಲಿ ಏಳೆಂಟು ಮಂದಿ ಇರಬೇಕು. ಇರ್ತಾರೆ. ಊರು ಅವರಿಗೆ ಬೇರೆ ಹೆಸರಿಟ್ಟಿರುತ್ತೆ. ಮಾತು ಬರದವ, ಅರೆಹುಚ್ಚ, ಗಾಳಿ ಹೊಕ್ಕವ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನಕ್ಕೆ 'ಮೈಯಾಗ ಏನೋ ಹೊಕ್ಕಾದ' ಅಂತ ಜನರನ್ನ ಎಲ್ಲೆಲ್ಲಿಂದಲೋ ಕರ್ಕೊಂಡು ಬರೋದು ನಮ್ಮ ಭಾಗದವರಿಗೆಲ್ಲ ಗೊತ್ತು. ಹೆಸರು ಗೊತ್ತಿಲ್ಲದ ಕಡೆ ಜನ ದೇವರ ಹತ್ತಿರ ಹೋಗ್ತಾರೆ. ಅವರನ್ನ ಆಡಿಕೊಳ್ಳೋ ಮೊದಲು ತಾಲೂಕು ಆಸ್ಪತ್ರೆಯಲ್ಲಿ ಆ ಹೆಸರು ಹೇಳೋರು ಯಾರಿದ್ದಾರೆ ಅಂತ ನೋಡಬೇಕಲ್ವಾ?

ಈಗ ಕೆಲವರು ಕೇಳ್ತಾರೆ, ನನ್ನ ಸ್ನೇಹಿತರೇ ಕೇಳಿದ್ದಾರೆ: ಹಳ್ಳಿ ಹೆಣ್ಣುಮಕ್ಕಳಿಗೆ ವ್ಯಾಯಾಮ ಯಾಕೆ? ಮುಂಜಾನೆ ರೊಟ್ಟಿ ಬಡಿಯೋದರಿಂದ ಹಿಡಿದು ತೊಗರಿ ಹೊಲದಲ್ಲಿ ಕಸ ತೆಗೆಯೋ ತನಕ ದುಡೀತಾನೇ ಇರ್ತಾರಲ್ಲ? ಈ ಮಾತಿಗೆ ಎರಡು ಉತ್ತರ ಇವೆ.

ಒಂದು, ದುಡಿಮೆ ಮತ್ತು ವ್ಯಾಯಾಮ ದೇಹಕ್ಕೆ ಒಂದೇ ಅಲ್ಲ ಅಂತ ಡೆನ್ಮಾರ್ಕಿನ ಸಂಶೋಧಕರು ವರ್ಷಗಳಿಂದ ವಾದಿಸ್ತಾ ಬಂದಿದ್ದಾರೆ. ಎಂಟು ತಾಸು ಬಗ್ಗಿ, ಎತ್ತಿ, ಹೊತ್ತು, ನಡುವೆ ವಿಶ್ರಾಂತಿ ಇಲ್ಲದೆ ಮಾಡೋ ಕೂಲಿ ಕೆಲಸದಿಂದ, ಬಿಡುವಿನಲ್ಲಿ ತನ್ನಿಷ್ಟಕ್ಕೆ ನಡೆಯೋದರಿಂದ ಸಿಗೋವಷ್ಟು ಲಾಭ ಹೃದಯಕ್ಕೆ ಸಿಗಲ್ಲ, ಕೆಲವೊಮ್ಮೆ ಹಾನಿಯೇ ಆಗುತ್ತೆ ಅನ್ನೋದು ಅವರ ಮಾತು. ಇದರ ಬಗ್ಗೆ ವಿಜ್ಞಾನಿಗಳ ನಡುವೆ ತಕರಾರಿದೆ. ಆದರೆ ಹತ್ತಿ ಬಿಡಿಸಿ ಬಂದು ಸೊಂಟ ಹಿಡಿದುಕೊಂಡು ಕೂರೋ ಹೆಂಗಸಿಗೆ ಈ ವ್ಯತ್ಯಾಸ ವಿವರಿಸಿ ಹೇಳಬೇಕಾಗಿಲ್ಲ.

ಎರಡನೇ ಉತ್ತರ ನನ್ನ ಪ್ರಕಾರ ಇನ್ನೂ ಮುಖ್ಯ. ಆಟಿಸಂ ಇರೋ ಮಗುವಿನ ತಾಯಿ ಎಷ್ಟೋ ಸಲ ಹೊಲದ ಕೆಲಸವನ್ನೇ ಬಿಟ್ಟಿರ್ತಾಳೆ. ಬಿಡಲೇಬೇಕಾಗುತ್ತೆ. ಮಾತಿನಲ್ಲಿ ಹೇಳಿದ್ದನ್ನ ಕೇಳದ, ಅಪಾಯ ಗೊತ್ತಾಗದ, ಕಣ್ಣು ತಪ್ಪಿಸಿ ಓಡಿಹೋಗೋ ಆರು ವರ್ಷದ ಮಗುವನ್ನ ಬದುವಿನ ಮೇಲೆ ಕೂರಿಸಿ ಕಸ ತೆಗೆಯೋಕಾಗಲ್ಲ. ಇಂಥ ಮಕ್ಕಳಲ್ಲಿ ಬಹಳ ಮಂದಿಗೆ ನೀರಿನ ಸೆಳೆತ ಇರುತ್ತೆ. ನಮ್ಮ ಹೊಲಗಳಲ್ಲಿ ಕಟ್ಟೆಯಿಲ್ಲದ ಬಾವಿಗಳಿವೆ, ಕೃಷಿ ಹೊಂಡಗಳಿವೆ, ಭೀಮಾ ದಂಡೆಯ ಊರುಗಳಲ್ಲಿ ನದಿಯೇ ಇದೆ. ಕಬ್ಬಿನ ಸೀಜನ್ನಿನಲ್ಲಿ ಅಫಜಲಪುರದ ರಸ್ತೆ ಮೇಲೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು. ಹೀಗಾಗಿ ತಾಯಿ ಮನೆಯೊಳಗೆ ಸೇರ್ಕೋತಾಳೆ, ಬಾಗಿಲಿಗೆ ಚಿಲಕ ಬೀಳುತ್ತೆ. ಕೂಲಿ ಹೋಯ್ತು, ಹೊಲದ ಗೆಳತಿಯರು ಹೋದರು, ನಡಿಗೆಯೂ ಹೋಯ್ತು. ಆಮೇಲೆ ಉಳಿದದ್ದು ಎರಡು ಕೋಣೆ ಮತ್ತು ಮಗುವಿನ ಹಿಂದೆ ಬೀಳೋ ಓಟ. 'ಹಳ್ಳಿ ಹೆಂಗಸು, ದಿನವಿಡೀ ದುಡೀತಾಳೆ' ಅನ್ನೋ ನಮ್ಮ ಕಲ್ಪನೆಯ ಚಿತ್ರದಲ್ಲಿ ಈ ಹೆಂಗಸು ಇಲ್ಲ.

ದೇಶದ ಲೆಕ್ಕ ನೋಡಿ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಬೇಕಾದಷ್ಟು ದೈಹಿಕ ಚಟುವಟಿಕೆ ಮಾಡ್ತಿರಲಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಬೇಕಾದಷ್ಟು ಅಂದರೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ನಡಿಗೆ ಅಥವಾ ಅಷ್ಟೇ ಶ್ರಮದ ಇನ್ನೇನಾದರೂ. ದಿನಕ್ಕೆ 22 ನಿಮಿಷ ಬೀಳುತ್ತೆ. ಇನ್ನೊಂದು ಲೆಕ್ಕ ಕೇಂದ್ರ ಸರ್ಕಾರದ್ದೇ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು 88 ನಿಮಿಷ ಕೊಡ್ತಾರೆ. ಇದು ಎಲ್ಲ ಬಗೆಯ ಮನೆಗಳಲ್ಲಿ ಆ ಕೆಲಸ ಮಾಡೋರ ಸರಾಸರಿ. ರಾತ್ರಿ ಎರಡು ಗಂಟೆಗೆ ಎದ್ದು ಕೂರೋ, ಊಟಕ್ಕೆ ಒಂದೇ ಬಣ್ಣದ ತಟ್ಟೆ ಬೇಕು ಅನ್ನೋ, ಹತ್ತು ವರ್ಷವಾದರೂ ಬಟ್ಟೆ ಹಾಕೋಕೆ ಸಹಾಯ ಬೇಕಾದ ಮಗು ಇರೋ ಮನೆಯಲ್ಲಿ ಇದರ ಮೇಲೆ ಎಷ್ಟು ಸೇರಿಸಬೇಕು ಅನ್ನೋದನ್ನ ನೀವೇ ಊಹಿಸಿ.

ಬೇರೆ ದೇಶಗಳಲ್ಲಿ ಆಟಿಸಂ ಇರೋ ಮಕ್ಕಳ ತಂದೆತಾಯಿಯರನ್ನ ಕೇಳಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರೋ ಕಾರಣಗಳು ಇವೇ: ಸಮಯ ಇಲ್ಲ, ದಣಿವು, ಮಗುವನ್ನ ನೋಡಿಕೊಳ್ಳೋರು ಇಲ್ಲ. ವ್ಯಾಯಾಮ ಒಳ್ಳೇದು ಅಂತ ಗೊತ್ತಿರಲಿಲ್ಲ ಅನ್ನೋದು ಆ ಪಟ್ಟಿಯಲ್ಲಿ ಮೇಲೆ ಬರಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2010ರಲ್ಲಿ ಆಟಿಸಂ ಇರೋ ಹದಿಹರೆಯದ ಮತ್ತು ವಯಸ್ಕ ಮಕ್ಕಳ ತಾಯಂದಿರ ದೇಹದಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಅಳೆದು ನೋಡಿದರು. ಅದರ ಏರಿಳಿತ ದೀರ್ಘಕಾಲ ಒತ್ತಡದಲ್ಲಿರೋ ಜನರಲ್ಲಿ, ಯುದ್ಧಭೂಮಿ ಕಂಡ ಸೈನಿಕರಲ್ಲಿ ಕಾಣೋ ಥರ ಇತ್ತು. ಇದನ್ನ ಹೇಳುವಾಗ ಎಚ್ಚರ ಬೇಕು. ಮಗುವೇ ಯುದ್ಧ ಅಂತ ಇದರ ಅರ್ಥ ಅಲ್ಲ. ಆಟಿಸಂ ಇರೋ ಯುವಕ ಯುವತಿಯರೇ ಇವತ್ತು ತಮ್ಮನ್ನ ಹೊರೆ ಅನ್ನಬೇಡಿ ಅಂತ ಹೇಳ್ತಿದ್ದಾರೆ, ಅದು ಸರಿಯಾದ ಮಾತು. ಒಬ್ಬಳೇ ಹೆಂಗಸಿನ ಮೇಲೆ ಇಪ್ಪತ್ತನಾಲ್ಕು ತಾಸಿನ ಪಹರೆ ಹೇರಿದ್ದು ನಾವು, ಮಗುವಲ್ಲ.

ನಮ್ಮ ತಾಲೂಕು ಕೇಂದ್ರಗಳ ಮೈದಾನಕ್ಕೆ ಮುಂಜಾನೆ ಐದೂವರೆಗೆ ಹೋದರೆ ಪೊಲೀಸ್, ಸೇನೆ ಅಂತ ಭರ್ತಿಗೆ ತಯಾರಿ ಮಾಡೋ ಹುಡುಗರು ಓಡ್ತಿರ್ತಾರೆ, ಈಗೀಗ ಹುಡುಗಿಯರೂ ಇದ್ದಾರೆ. ನೌಕರಿಯಲ್ಲಿರೋರು ಶೂ ಹಾಕ್ಕೊಂಡು ಸುತ್ತು ಹೊಡೀತಾರೆ. ಬೇಸಿಗೆಯಲ್ಲಿ 43 ಡಿಗ್ರಿ ದಾಟೋ ಜಿಲ್ಲೆಯಲ್ಲಿ ನಡಿಗೆಗೆ ಅದೊಂದೇ ಹೊತ್ತು. ಆದರೆ ತಾಲೂಕು ಕೇಂದ್ರ ಬಿಟ್ಟು ಹತ್ತು ಕಿಲೋಮೀಟರ್ ಒಳಗೆ ಹೋದರೆ ಹೆಂಗಸೊಬ್ಬಳು ಕಾರಣವಿಲ್ಲದೆ ನಡೆಯೋದು ಸುಲಭ ಅಲ್ಲ. 'ಎಲ್ಲಿಗ್ ಹೊಂಟೀಯವ್ವ?' ಅಂತ ಮೂರು ಕಟ್ಟೆಯಿಂದ ಪ್ರಶ್ನೆ ಬರುತ್ತೆ. ತಮಾಷೆ ಅಂದರೆ ನಡಿಗೆ ನಮ್ಮ ಭಾಗದ ಜನಕ್ಕೆ ಹೊಸದೇನಲ್ಲ. ಸೀಗಿ ಹುಣ್ಣಿಮೆ ಹತ್ತಿರ ಬಂದರೆ ತುಳಜಾಪುರದ ಅಂಬಾಭವಾನಿಗೆ ಜನ ಹಿಂಡು ಹಿಂಡಾಗಿ ಆಳಂದ ದಾರಿ ಹಿಡಿದು ನಡೀತಾರೆ. ಹೆಂಗಸರು, ಮುದುಕಿಯರು, ಚಪ್ಪಲಿ ಇಲ್ಲದೆ. ದಾರಿಯುದ್ದಕ್ಕೂ ಊಟ, ನೀರು, ಕಾಲಿಗೆ ಎಣ್ಣೆ. ಯಾರೂ ಯಾಕೆ ಅಂತ ಕೇಳಲ್ಲ. ದೇವರ ಹೆಸರಲ್ಲಿ ದಿನಗಟ್ಟಲೆ ನಡೆಯೋ ಹೆಂಗಸಿಗೆ ಊರೇ ನಿಂತು ವ್ಯವಸ್ಥೆ ಮಾಡುತ್ತೆ. ತನ್ನ ಮೈಗಾಗಿ ಇಪ್ಪತ್ತು ನಿಮಿಷ ನಡೆಯೋಳಿಗೆ 'ಹುಚ್ಚು ಕೂಸು ಬಿಟ್ಟು ತಿರಗ್ಲಿಕ್ ಹತ್ಯಾಳ' ಅನ್ನುತ್ತೆ.

ಮತ್ತೆ ಅಪ್ಪಂದಿರು? ಆಳಂದ, ಅಫಜಲಪುರದ ಹಳ್ಳಿ ತಾಂಡಾಗಳಿಂದ ಸೊಲ್ಲಾಪುರ, ಪುಣೆ, ಮುಂಬಯಿಗೆ ದುಡಿಯೋಕೆ ಹೋದವರು ವರ್ಷದಲ್ಲಿ ಎಷ್ಟೋ ತಿಂಗಳು ಊರಲ್ಲಿರಲ್ಲ, ಅವರನ್ನ ಬೈದು ಏನೂ ಬರಲ್ಲ. ಊರಲ್ಲೇ ಇರೋರ ಮಾತು ಬೇರೆ. ಸಂಜೆ ಆರರಿಂದ ಎಂಟರ ತನಕ ಕಟ್ಟೆ ಮೇಲೆ ಕೂರೋ ಅಪ್ಪ ಮಗನನ್ನ ಜೊತೆ ಕರ್ಕೊಂಡು ಹೊಲದ ದಾರಿ ಹಿಡಿದರೆ ಇಬ್ಬರಿಗೂ ನಡಿಗೆ ಆಗುತ್ತೆ, ಮನೆಯಲ್ಲಿರೋಳಿಗೆ ಎರಡು ತಾಸು ಸಿಗುತ್ತೆ. ನಡಿಗೆ, ಓಟ, ಈಜಿನಂಥ ಚಟುವಟಿಕೆ ಆಟಿಸಂ ಇರೋ ಮಕ್ಕಳಿಗೂ ಒಳ್ಳೇದು ಅನ್ನೋದಕ್ಕೆ ಅಧ್ಯಯನಗಳಿವೆ. ಇದಕ್ಕೆ ಸರ್ಕಾರಿ ಆದೇಶ ಬೇಕಿಲ್ಲ.

ಆದರೆ ಸರ್ಕಾರ ಮಾಡಬೇಕಾದ ಒಂದು ಕೆಲಸ ಬೇರೆ ಯಾರೂ ಮಾಡೋಕಾಗಲ್ಲ. ಅದು ಶಾಲೆ.

ಶಾಲೆ ಅಂದ ತಕ್ಷಣ ನಾವು ಅಕ್ಷರದ ಬಗ್ಗೆ ಮಾತಾಡ್ತೀವಿ. ಮಗು ಶಾಲೆಗೆ ಹೋಯ್ತು ಅಂದರೆ ತಾಯಿಗೆ ದಿನಕ್ಕೆ ಆರು ತಾಸು ಕೈ ಬಿಡುವು ಸಿಕ್ಕಿತು ಅನ್ನೋದು ಯಾರ ಲೆಕ್ಕದಲ್ಲೂ ಇಲ್ಲ. ಈ ರಾಜ್ಯದ ಉಳಿದ ಎಲ್ಲ ತಾಯಂದಿರಿಗೆ ಸರ್ಕಾರ ಈ ಆರು ತಾಸನ್ನ ಪುಕ್ಕಟೆಯಾಗಿ ಕೊಡುತ್ತೆ, ಮಧ್ಯಾಹ್ನದ ಊಟದ ಸಮೇತ. 2016ರ ಕಾಯ್ದೆಯ 31ನೇ ಕಲಂ ಪ್ರಕಾರ 6ರಿಂದ 18 ವರ್ಷದ, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರೋ ಪ್ರತಿ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ಬೇಕೆಂದರೆ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ನೆಲದ ಮೇಲೆ ನಡೆಯೋದು ಏನು? ಹೆಡ್ ಮಾಸ್ತರು ನಾಲ್ಕು ದಿನ ನೋಡಿ, 'ಇವನು ಕೂರಲ್ಲ, ಬೇರೆ ಮಕ್ಕಳಿಗೆ ತೊಂದರೆ, ನೀವೇ ಬಂದು ಜೊತೆಗೆ ಕೂಡ್ರಿ' ಅಂತಾರೆ. ತಾಯಿ ಹೋಗಿ ಕೂರ್ತಾಳೆ, ಇಲ್ಲಾ ಮಗುವನ್ನ ವಾಪಸ್ ಕರ್ಕೊಂಡು ಬರ್ತಾಳೆ. ಆಮೇಲೆ ಸಮಗ್ರ ಶಿಕ್ಷಣದಡಿ 'ಗೃಹಾಧಾರಿತ ಶಿಕ್ಷಣ' ಅಂತ ಹೆಸರು ಬರೆಯಲಾಗುತ್ತೆ. ಅಂದರೆ ವಿಶೇಷ ಶಿಕ್ಷಕರು, ಬಿಐಇಆರ್‌ಟಿ ಅಂತೀವಲ್ಲ ಅವರು, ಆಗಾಗ ಮನೆಗೆ ಬಂದು ಹೋಗ್ತಾರೆ. ಹಾಸಿಗೆ ಬಿಟ್ಟು ಏಳೋಕಾಗದ ಮಗುವಿಗೆ ಈ ವ್ಯವಸ್ಥೆ ಬೇಕೇ ಬೇಕು. ಓಡಾಡೋ, ಜಿಗಿಯೋ, ಮೈದಾನ ಬೇಕಾದ ಮಗುವನ್ನ ಇದೇ ಪಟ್ಟಿಗೆ ಹಾಕಿದರೆ ಮಗು ಮನೆಯಲ್ಲಿ ಬಂದಿ, ತಾಯಿಯೂ ಬಂದಿ. ಬಿಐಇಆರ್‌ಟಿಗಳ ತಪ್ಪು ಅಂತ ನಾನು ಹೇಳ್ತಿಲ್ಲ, ಒಂದಿಡೀ ತಾಲೂಕನ್ನ ಬೆರಳೆಣಿಕೆಯ ಜನ ಸುತ್ತಬೇಕು. 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಪ್ರಾಥಮಿಕ ಹಂತ ದಾಟಿದರೆ 15 ಮಕ್ಕಳಿಗೆ ಒಬ್ಬ ಇರಬೇಕು ಅನ್ನೋ ಪ್ರಮಾಣವನ್ನ ಸುಪ್ರೀಂ ಕೋರ್ಟ್ 2021ರಲ್ಲೇ ಮುಂದಿಟ್ಟಿತ್ತು, 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನ ಅಧಿಸೂಚನೆ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಶಿಕ್ಷಕರ ನೇಮಕಾತಿಗಾಗಿ ಹೋರಾಡೋ ಯುವಕರು ಈ ಬೇಡಿಕೆಯನ್ನೂ ತಮ್ಮ ಬ್ಯಾನರಿನಲ್ಲಿ ಸೇರಿಸಿಕೊಳ್ಳಬಹುದು. ಕೆಲಸ ಕೇಳೋರು ಇದ್ದಾರೆ, ಕೆಲಸವೂ ಇದೆ, ಹುದ್ದೆ ಮಾತ್ರ ಇಲ್ಲ.

ಶಾಲೆ ಬಿಟ್ಟರೆ ಥೆರಪಿ. ಸ್ಪೀಚ್, ಆಕ್ಯುಪೇಷನಲ್ ಥೆರಪಿ ಅಂತ ಬರೆದುಕೊಟ್ಟರೆ ಹೋಗಬೇಕಾದ್ದು ಕಲಬುರಗಿಗೆ. ಆಳಂದ, ಜೇವರ್ಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸು, ಅಫಜಲಪುರದಿಂದ ಇನ್ನೂ ದೂರ, ಹಳ್ಳಿಯಿಂದ ತಾಲೂಕಿಗೆ ಬರೋ ದಾರಿ ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ತಾಯಂದಿರ ಟಿಕೆಟ್ ದುಡ್ಡು ಉಳಿಸಿದೆ. ಆ ಯೋಜನೆಯನ್ನ ಬಿಟ್ಟಿ ಅಂತ ಆಡಿಕೊಳ್ಳೋರು ಒಮ್ಮೆ ಆ ಬಸ್ಸಿನಲ್ಲಿ ಕಿವಿ ಮುಚ್ಚಿಕೊಂಡು ಚೀರೋ ಮಗುವನ್ನ ತೊಡೆಮೇಲೆ ಹಿಡಿದು ನಿಂತ ತಾಯಿಯ ಪಕ್ಕ ನಿಂತು ನೋಡಲಿ. ದುಡ್ಡು ಉಳಿಯಿತು, ದಿನ ಉಳಿಯಲಿಲ್ಲ. ಮುಕ್ಕಾಲು ತಾಸಿನ ಥೆರಪಿಗೆ ಮುಂಜಾನೆಯಿಂದ ಸಂಜೆ ತನಕ ಹೋಗುತ್ತೆ. ಆ ದಿನ ವಾಕಿಂಗ್ ಮಾಡಿಲ್ಲ ಯಾಕೆ ಅಂತ ಆಕೆಯನ್ನ ಯಾರು ಕೇಳ್ತೀರಿ?

ಈಗ ದುಡ್ಡಿನ ಮಾತು. 2016ರ ಕಾಯ್ದೆಯ 24ನೇ ಕಲಂ ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡೋ ಯೋಜನೆ ರೂಪಿಸಬೇಕು ಅನ್ನುತ್ತೆ. ಕರ್ನಾಟಕ ಸರ್ಕಾರ 2024-25ರ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಒಳ್ಳೆಯ ಹೆಜ್ಜೆ. ಆದರೆ ಆ ಘೋಷಣೆಯಲ್ಲಿ ಇದ್ದದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್. ಆಟಿಸಂ ಇರಲಿಲ್ಲ. ಮೈ ಎತ್ತಿ ಕೂರಿಸಬೇಕಾದವರ ಆರೈಕೆ ಕಣ್ಣಿಗೆ ಕಾಣುತ್ತೆ, ಓಡೋ ಮಗುವಿನ ಹಿಂದಿನ ಆರೈಕೆ ಕಾಣಲ್ಲ ಅನ್ನೋದು ಇದರ ಹಿಂದಿನ ತರ್ಕ ಇರಬಹುದು ಅಂತ ನನ್ನ ಅನುಮಾನ. ನ್ಯಾಷನಲ್ ಟ್ರಸ್ಟ್‌ನ 'ಸಮರ್ಥ್' ಅನ್ನೋ ಯೋಜನೆ ಇರೋದೇ ಪೋಷಕರಿಗೆ ಸ್ವಲ್ಪ ಬಿಡುವು ಸಿಗಲಿ ಅಂತ. ಅದನ್ನ ನಡೆಸೋಕೆ ಟ್ರಸ್ಟ್‌ನಲ್ಲಿ ನೋಂದಾಯಿಸಿದ ಸಂಸ್ಥೆ ಬೇಕು. ಆಟಿಸಂಗಾಗಿ ದಶಕಗಳಿಂದ ಕೆಲಸ ಮಾಡಿದ ಹೆಸರಾಂತ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ತೊಗರಿ ಹೊಲದ ನಡುವಿನ ಊರಿಗೆ ಸಂಸ್ಥೆ ತಾನಾಗಿ ಹುಟ್ಟಿ ಬರಲ್ಲ.

2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆ ಆಯ್ತು. 371 ಹಾಸಿಗೆ, 371(ಜೆ) ನೆನಪಿಗೆ. ಸೊಲ್ಲಾಪುರ, ಹೈದರಾಬಾದಿಗೆ ಓಡ್ತಿದ್ದ ಜನಕ್ಕೆ ಅದು ದೊಡ್ಡ ಉಪಕಾರ, ಅದರ ಬಗ್ಗೆ ಕೊಂಕು ಮಾತಾಡಲ್ಲ. ಆದರೆ ನಲವತ್ತರಲ್ಲಿ ಬಿಪಿ ಹಿಡಿದ ತಾಯಿ ಅರವತ್ತರ ಹೊತ್ತಿಗೆ ಆ ಹಾಸಿಗೆಗೆ ಬರದ ಹಾಗೆ ಮಾಡೋಕೆ ಬೇಕಾದ್ದು ದಿನಕ್ಕೆ ಅರ್ಧ ತಾಸು, ಅದಕ್ಕೆ ಯಾವ ಲೆಕ್ಕ ಶೀರ್ಷಿಕೆಯೂ ಇಲ್ಲ. ಇನ್ನೊಂದು ಮಾತು, ಈ ತಾಯಂದಿರಿಗೆ ಬೇಗ ಸಾಯೋ ಸ್ವಾತಂತ್ರ್ಯವೂ ಇಲ್ಲ. 'ನಾ ಹ್ವಾದ್ಮ್ಯಾಲ ಇವನ್ಗ ಯಾರ್ ನೋಡ್ತಾರ?' ಅನ್ನೋದು ಪ್ರತಿ ಇಂಥ ಮನೆಯಲ್ಲಿ ರಾತ್ರಿ ಮಲಗೋ ಮುಂಚೆ ಬರೋ ಮಾತು. ಉಳಿದವರಿಗೆ ವ್ಯಾಯಾಮ ಅಂದರೆ ತೂಕ, ಸೆಲ್ಫಿ, ಹತ್ತು ಸಾವಿರ ಹೆಜ್ಜೆ. ಇವರಿಗೆ ಅದು ಮಗನಿಗಾಗಿ ಇನ್ನೊಂದಷ್ಟು ವರ್ಷ ಗಟ್ಟಿಯಾಗಿ ಇರೋ ಲೆಕ್ಕಾಚಾರ.

ಇದೆಲ್ಲ ನಮ್ಮಂಥ ತಾಲೂಕುಗಳಲ್ಲಿ ಆಗೋ ಕೆಲಸವಾ ಅಂತ ಕೇಳಬಹುದು. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂತು. ತಜ್ಞರಲ್ಲದ ಸಾಮಾನ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಆಟಿಸಂ ಇರೋ ಮಕ್ಕಳ ಪೋಷಕರ ಜೊತೆ ಕೆಲಸಕ್ಕೆ ಹಚ್ಚಿದರು. ಮಗುವಿನ ಜೊತೆ ಪೋಷಕರ ಸಂವಹನ ಸುಧಾರಿಸಿತು, ಮಕ್ಕಳೂ ತಾವಾಗಿ ಸ್ಪಂದಿಸೋದು ಹೆಚ್ಚಾಯ್ತು. ವಿಶ್ವ ಆರೋಗ್ಯ ಸಂಸ್ಥೆಯದ್ದೂ ಪೋಷಕರ ತರಬೇತಿ ಕಾರ್ಯಕ್ರಮ ಇದೆ, ಒಂಬತ್ತು ಗುಂಪು ಸಭೆ, ಮೂರು ಮನೆ ಭೇಟಿ, ಪೋಷಕರ ಸ್ವಂತ ಆರೋಗ್ಯದ ಪಾಠವೂ ಅದರೊಳಗೇ ಇದೆ. ನಮ್ಮಲ್ಲಿ ಇಂಥ ಕೆಲಸಕ್ಕೆ ಜನ ಆಗಲೇ ಇದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯುಗಳು. ಅವರ ಮೇಲೆ ತಾಲೂಕಿಗೊಬ್ಬ ಎಂಆರ್‌ಡಬ್ಲ್ಯು. ವಿಆರ್‌ಡಬ್ಲ್ಯುಗಳು ಸ್ವತಃ ಅಂಗವಿಕಲರು, ಗೌರವಧನದ ಮೇಲೆ ದುಡಿಯೋರು. ಅವರಿಗೆ ಯುಡಿಐಡಿ ಅರ್ಜಿ ತುಂಬಿಸೋ ಕೆಲಸ ಒಂದನ್ನೇ ಅಂಟಿಸಿದ್ದೀವಿ. ಕೂಸಿನ ಮನೆ ಅಂತ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ಶಿಶುಪಾಲನಾ ಕೇಂದ್ರಗಳಿವೆ, ನರೇಗಾ ಕೂಲಿಗೆ ಹೋಗೋ ತಾಯಂದಿರ ಪುಟ್ಟ ಮಕ್ಕಳಿಗಾಗಿ. ಒಬ್ಬ ತಾಯಿ ದುಡಿಯಬೇಕಾದರೆ ಆಕೆಯ ಮಗುವನ್ನ ಪಂಚಾಯಿತಿ ನೋಡಿಕೊಳ್ಳಬೇಕು ಅನ್ನೋ ತತ್ವವನ್ನ ಅಲ್ಲಿ ಸರ್ಕಾರವೇ ಒಪ್ಪಿಕೊಂಡಿದೆ. ವಯಸ್ಸು ದಾಟಿದ, ಮಾತು ಬಾರದ ಮಗುವಿಗೆ ಅದೇ ಕಟ್ಟಡದಲ್ಲಿ ದಿನಕ್ಕೆ ಎರಡು ತಾಸು, ತರಬೇತಾದ ಇಬ್ಬರು ಹೆಂಗಸರು ಯಾಕಾಗಬಾರದು? 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆಗೇ ಬಂದು 30 ದಾಟಿದವರ ಬಿಪಿ, ಸಕ್ಕರೆ ನೋಡ್ತಾರೆ. ಆ ಫಾರ್ಮಿನಲ್ಲಿ ಒಂದು ಸಾಲು ಸೇರಿಸಲಿ: ಮನೆಯಲ್ಲಿ ಸದಾ ಆರೈಕೆ ಬೇಕಾದವರು ಇದ್ದಾರಾ, ನೋಡಿಕೊಳ್ಳೋರು ಯಾರು?

ಕಡೆಗೆ ಓದುಗರಲ್ಲಿ ಊರಿಗೆ ಹೋಗಿ ಬರೋರಿಗೆ ಒಂದು ಕೆಲಸ ಹೇಳ್ತೀನಿ. ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಲ್ಲಿ ಶೇ 5ನ್ನ ಅಂಗವಿಕಲರಿಗಾಗಿ ತೆಗೆದಿಡಬೇಕು. ಮುಂದಿನ ಗ್ರಾಮ ಸಭೆಗೆ ಹೋಗಿ, ನಿಮ್ಮೂರಿನ ವಿಆರ್‌ಡಬ್ಲ್ಯುವನ್ನೂ ಜೊತೆಗೆ ಕರ್ಕೊಂಡು ಹೋಗಿ, ಎರಡು ಪ್ರಶ್ನೆ ಕೇಳಿ. ಈ ವರ್ಷದ ಶೇ 5 ಎಷ್ಟು ರೂಪಾಯಿ, ಯಾವುದಕ್ಕೆ ಖರ್ಚಾಯ್ತು? ಪಂಚಾಯಿತಿ ವ್ಯಾಪ್ತಿಯಲ್ಲಿ ಆಟಿಸಂ ಇರೋ ಮಕ್ಕಳು ಎಷ್ಟು ಜನ, ಅವರಲ್ಲಿ ಶಾಲೆಯ ಕೋಣೆಯೊಳಗೆ ಕೂರ್ತಿರೋರು ಎಷ್ಟು? ಪಿಡಿಒ ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ, ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ.